ಉಪ್ಪು ಕೇಳುವ ನೆವ

ಕಾವೇರಿಯ ಮುಖ ಜಮಖಂಡಿಯಲ್ಲಿ ಅವಳ ಓಣಿಯವರಿಗಷ್ಟೇ ಗೊತ್ತಿತ್ತು. ದನಿ ಮಾತ್ರ ಮುಧೋಳ, ಲೋಕಾಪುರ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಕಡೆಯವರಿಗೂ ಗೊತ್ತಿತ್ತು. ‘ದುಂಡಪ್ಪನ ಸಂಸಾರ’ ಎಂಬ ನಗೆ ಕ್ಯಾಸೆಟ್ಟುಗಳಲ್ಲಿ ದುಂಡಪ್ಪನ ಹೆಂಡತಿ ಗೌರವ್ವನಾಗಿ ಮಾತಾಡುತ್ತಿದ್ದವಳು ಅವಳೇ.

ಅದು ಶುರುವಾದದ್ದು ಹೀಗೆ. ಬಾಗಲಕೋಟೆ ಹೊಸ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಕಾವೇರಿಯ ಗಂಡ ಧರ್ಮರಾಜ ಕರೆಂಟು ಇಲಾಖೆಯಲ್ಲಿ ಲೈನ್‌ಮನ್. ಆಗ ಅವನ ಡ್ಯೂಟಿ ಮುಧೋಳದಲ್ಲಿತ್ತು. ಅಲ್ಲಿ ಶಿವಾಜಿ ಎಂಬಾತನದೊಂದು ಕ್ಯಾಸೆಟ್ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಕೌದಿ ತೂಗುಹಾಕಿ ಅವನು ರೆಕಾರ್ಡಿಂಗ್ ಮಾಡುತ್ತಿದ್ದ. ಮಾತು ಬರೆಯುವವನೂ ಅವನೇ, ದುಂಡಪ್ಪನೂ ಅವನೇ. ಹೆಂಡತಿಯ ಪಾತ್ರಕ್ಕೆ ಸಾಬಣ್ಣನೆಂಬ ಗಂಡಸು ಗಂಟಲು ಹಿಂಡಿಕೊಂಡು ದನಿ ಕೊಡುತ್ತಿದ್ದ. ಅಂಗಡಿಯ ವೈರು ನೋಡಲು ಹೋದ ಧರ್ಮರಾಜ ಅದನ್ನು ಕೇಳಿ, “ನಮ್ಮ ಮನ್ಯಾಕಿ ಇದಕಿಂತ ಛಲೋ ಮಾಡ್ತಾಳ್ರಿ” ಎಂದುಬಿಟ್ಟ.

ಅವನು ಹೇಳಿದ್ದು ಸುಳ್ಳಲ್ಲ. ಓಣಿಯಲ್ಲಿ ಯಾರು ಹೇಗೆ ಮಾತಾಡುತ್ತಾರೆ ಎಂಬುದನ್ನು ಕಾವೇರಿ ಮಾಡಿ ತೋರಿಸಿದರೆ ಮನೆಯವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಮೊದಲ ದಿನ ಶಿವಾಜಿ ಅವಳ ಮುಂದೆ ಮೈಕ್ ಇಟ್ಟಾಗ ಅವಳು ಮೊದಲ ಮಾತನ್ನು ಪಾಠ ಒಪ್ಪಿಸುವಂತೆ ಓದಿದಳು. ಎರಡನೆಯ ಮಾತಿಗೆ ಸಂಕೋಚ ಹೋಯಿತು. ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳೊಳಗೆ ಗೌರವ್ವ ಮಾತಾಡುತ್ತಲೇ ಇದ್ದಳು.

ಕತೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಗೌರವ್ವ ಸೀರೆ ಕೇಳುತ್ತಾಳೆ, ಇಲ್ಲವೇ ಸಾರಿಗೆ ಖಾರ ಜಾಸ್ತಿ ಹಾಕುತ್ತಾಳೆ, ಇಲ್ಲವೇ ಬಾಯಿ ಮಾಡುತ್ತಾಳೆ. ದುಂಡಪ್ಪ ತಾಳುವಷ್ಟು ತಾಳಿ, “ಹಾಕ್ಲೇನ ಒಂದು?” ಅನ್ನುತ್ತಾನೆ. ಆಮೇಲೆ ಫಟ್ಟೆಂದು ಸಪ್ಪಳ. ಗೌರವ್ವ “ಅಯ್ಯಯ್ಯಪ್ಪಾ, ಬಿಡೋ ನಮ್ಮಪ್ಪಾ!” ಎಂದು ಏರುದನಿಯಲ್ಲಿ ಒಂಥರಾ ರಾಗ ಎಳೆಯುತ್ತಾಳೆ. ಕೇಳುವವರಿಗೆ ನಗು ಬರುತ್ತಿದ್ದುದೇ ಆ ರಾಗಕ್ಕೆ. ಹೊಡೆತದ ಸಪ್ಪಳವನ್ನು ಮೊದಮೊದಲು ಶಿವಾಜಿ ಮಾಡುತ್ತಿದ್ದ. ಅದಕ್ಕೂ ಅಳುವಿಗೂ ಹೊಂದಿಕೆ ಆಗುತ್ತಿರಲಿಲ್ಲ. ಕೊನೆಗೆ ಕಾವೇರಿಯೇ ಮೈಕಿನ ಹತ್ತಿರ ತನ್ನೆರಡು ಅಂಗೈ ಬಡಿದುಕೊಂಡು, ಆ ಉಸಿರಿನಲ್ಲೇ ರಾಗ ಎಳೆಯತೊಡಗಿದಳು. ಆಗ ಸರಿಯಾಯಿತು.

ಕ್ಯಾಸೆಟ್ಟುಗಳು ಜನರನ್ನು ತುಂಬಿಕೊಂಡು ಓಡುವ ಟ್ರ್ಯಾಕ್ಸ್ ಗಾಡಿಗಳಲ್ಲಿ, ಚಹಾದಂಗಡಿಗಳಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಕೂಗತೊಡಗಿದವು. ಒಮ್ಮೆ ಸಂತೆಯಲ್ಲಿ ಕಾವೇರಿ ಮೆಂತೆ ಸೊಪ್ಪು ಕೇಳಿದಾಗ ಮಾರುವವಳು ತಕ್ಕಡಿ ಬಿಟ್ಟು ತಲೆ ಎತ್ತಿ, “ಯವ್ವಾ, ನೀ ಗೌರವ್ವ ಅಲ್ಲೇನಬೇ!” ಎಂದಳು. ಸುತ್ತಲಿನವರು ತಿರುಗಿ ನೋಡಿದರು. ಅವತ್ತು ಮನೆಗೆ ಬರುವಾಗ ಕಾವೇರಿಯ ಕಾಲು ನೆಲದ ಮೇಲಿರಲಿಲ್ಲ.

ರಸಿಕಾ ಅವಳ ಮನೆಗೆ ಬಂದದ್ದು ಮೂರು ವರ್ಷದ ನಂತರ. ರಸಿಕಾ ಜಮಖಂಡಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದಳು. ಮನೆಮಾತು ಮರಾಠಿ, ಹೊರಗೆ ಕನ್ನಡ, ಎರಡರಲ್ಲೂ ಗಡಬಡಿಸಿ ಮಾತಾಡುವ ಹುಡುಗಿ. ಜನಪ್ರಿಯ ಮಾಧ್ಯಮಗಳಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆ ಎಂಬುದರ ಬಗ್ಗೆ ಅವಳು ಸಂಶೋಧನಾ ಪ್ರಬಂಧ ಬರೆಯುತ್ತಿದ್ದಳು. ಅವಳ ಚೀಲದ ತುಂಬ ಕಾವೇರಿಯವೇ ಕ್ಯಾಸೆಟ್ಟುಗಳಿದ್ದವು.

“ನಾನೂ ನಕ್ಕೀನ್ರಿ. ನಗಲಿಲ್ಲ ಅಂದ್ರ ಸುಳ್ಳಾಗ್ತದ,” ಎಂದಳು ರಸಿಕಾ, ಚಹಾದ ಕಪ್ಪು ಹಿಡಿದುಕೊಂಡು. “ಆದ್ರ ಎಲ್ಲಾ ಒಂದರ ಹಿಂದ ಒಂದು ಕೇಳಿದ ಮ್ಯಾಲೆ ಒಂದು ಮಾತು ತಲ್ಯಾಗ ಕೂತದ. ಗೌರವ್ವ ಇನ್ನೊಬ್ಬ ಹೆಂಗಸಿನ ಜೋಡಿ ಯಾವಾಗರೆ ಮಾತಾಡ್ಯಾಳೇನು?”

“ಅತ್ತಿ ಜೋಡಿ ಜಗಳಾ ತಗೀತಾಳಲ್ರಿ.”

“ಅದೂ ದುಂಡಪ್ಪನ ಸಲುವಾಗೇ. ಆ ಅತ್ತಿ ಪಾತ್ರಾ ಯಾರು ಮಾಡ್ತಾರ?”

“ಸಾಬಣ್ಣ,” ಎಂದಳು ಕಾವೇರಿ.

ಬಾಗಿಲ ಬಳಿ ಕೂತು ಕಡಲೆ ಹಸನು ಮಾಡುತ್ತಿದ್ದ ಕಾವೇರಿಯ ಅತ್ತೆ ಮರೆವ್ವ ಮೊರ ಅಲುಗಿಸುವುದನ್ನು ನಿಲ್ಲಿಸಿ, “ನಮ್ಮಂಥಾ ಅತ್ತಿ ಮನ್ಯಾಗ ಕುಂತಿರೂ ಮುಂದ ಸಾಬಣ್ಣ ಯಾಕ ಬೇಕಾಗಿತ್ತೋ!” ಎಂದಳು.

ರಸಿಕಾಳಿಗೆ ನಗು ಬಂತು. “ನೋಡ್ರಿ, ಗೌರವ್ವನ ತವರುಮನಿ ಎಲ್ಲಿ, ಆಕಿಗೆ ಗೆಳತ್ಯಾರು ಅದಾರೋ ಇಲ್ಲೋ, ಗಂಡ ಮನ್ಯಾಗ ಇಲ್ಲದಾಗ ಆಕಿ ಏನು ಮಾಡ್ತಾಳ, ಒಂದೂ ಗೊತ್ತಾಗೂದಿಲ್ಲ. ಗಂಡನ ಕಣ್ಣಿಗೆ ಕಂಡಷ್ಟೇ ಆಕಿ ಇರ್ತಾಳ. ಸಿನಿಮಾದೊಳಗ, ಟಿವಿಯೊಳಗ ಭಾಳ ಕಡೆ ಹಿಂಗೇ ಅದ. ಆಕಿ ದನಿ ನೀವು. ನಿಮಗರೆ ಗೊತ್ತದೇನು ಅಂತ ಕೇಳಲಿಕ್ಕೆ ಬಂದೆ.”

“ನಗೂ ಮಾತ್ರೀ ಅದು. ಅದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೊತೀರಿ?” ಎಂದಳು ಕಾವೇರಿ. ರಸಿಕಾ ಬೇಸರಿಸಲಿಲ್ಲ, ತನ್ನ ಮನೆಯ ಗುರುತು ಹೇಳಿ ಹೋದಳು. ಆದರೆ ಕಾವೇರಿಗೆ ಅವತ್ತೆಲ್ಲ ಸಿಡುಕು. ಮೂರು ವರ್ಷದಿಂದ ತನ್ನ ಬಾಯಲ್ಲಿ ಇರುವ ಹೆಂಗಸಿನ ತವರುಮನೆ ಯಾವುದೆಂದು ತನಗೂ ಗೊತ್ತಿಲ್ಲವಲ್ಲ ಎಂಬುದು ಚುಚ್ಚುತ್ತಿತ್ತು.

ಇದಾಗಿ ಒಂದೆರಡು ವಾರವಾಗಿರಬೇಕು. ಒಂದು ಭಾನುವಾರ ಮುಂಜಾನೆ ಧರ್ಮರಾಜನ ತಂಗಿ ರೇಷ್ಮಾ ಲೋಕಾಪುರದಿಂದ ಒಬ್ಬಳೇ ಬಂದಿಳಿದಳು. ಅವಳ ಗಂಡ ಹುಲೆಪ್ಪ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ರೇಷ್ಮಾಳ ಎಡಗೆನ್ನೆ ಊದಿತ್ತು.

ಮರೆವ್ವ ಮಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ರೇಷ್ಮಾ ನಡೆದದ್ದನ್ನು ಹೇಳಿದಳು. ಶನಿವಾರ ಮಧ್ಯಾಹ್ನ ಹುಲೆಪ್ಪನ ಗೆಳೆಯರು ಮನೆಗೆ ಬಂದಿದ್ದರು. ಟೇಪಿನಲ್ಲಿ ದುಂಡಪ್ಪನ ಕ್ಯಾಸೆಟ್ ಹಚ್ಚಿದ್ದರು. ಚಹಾ ತರುವುದು ತಡವಾಯಿತು. ಅವಳು ಕಪ್ಪುಗಳನ್ನು ತಂದಿಡುವಾಗ ಹುಲೆಪ್ಪ ಗೆಳೆಯರ ಕಡೆ ಕಣ್ಣು ಹೊಡೆದು, “ಹಾಕ್ಲೇನ ಒಂದು?” ಎಂದ. ಎಲ್ಲರೂ ನಕ್ಕರು. ನಗು ಮುಗಿಯುವುದರೊಳಗೆ ಹೊಡೆದ.

“ಹೊಡದ ಮ್ಯಾಲ ಇನ್ನೂ ನಕ್ರು, ವೈನಿ,” ಎಂದಳು ರೇಷ್ಮಾ, ಅತ್ತಿಗೆಯ ಕಡೆ ತಿರುಗಿ. “ಒಬ್ಬಾಂವ ನಿಮ್ಮಂಗ ‘ಬಿಡೋ ನಮ್ಮಪ್ಪಾ’ ಅಂತ ರಾಗಾ ತಗದಾ. ಟೇಪಿನ್ಯಾಗೂ ನೀವು ಅಳಾಕತ್ತಿದ್ರಿ. ನಂಗ ಅಳಾಕ ಆಗಲಿಲ್ಲ. ನಾ ಅತ್ತಿದ್ರ ಅದನ್ನೂ ಚೇಷ್ಟಿ ಅಂತಿದ್ರು.”

ಕಾವೇರಿ ತನ್ನ ಅಂಗೈಗಳನ್ನು ಸೀರೆಯ ನೆರಿಗೆಯೊಳಗೆ ಒತ್ತಿ ಹಿಡಿದು ಕೂತಳು.

ಧರ್ಮರಾಜ ಅಂಗಿ ಹಾಕಿಕೊಂಡು ಆಗಲೇ ಲೋಕಾಪುರಕ್ಕೆ ಹೊರಟು ನಿಂತ. ಮರೆವ್ವ ತಡೆದಳು. “ನೀ ಹೋಗಿ ಅವನ್ನ ಬಡದ ಬಂದ್ರ ನಿಮ್ಮಿಬ್ಬರ ಜಗಳಾ ಆಕ್ಕೈತಿ. ಇದು ಆಕಿ ಮಾತು. ಆಕಿ ಏನಂತಾಳ ಕೇಳೂಣು.”

ಅವನು ಕೂತ. ಹೆಂಡತಿಯ ಮುಖ ನೋಡಿ, “ನೀ ಯಾಕ ಹಂಗ ಮಾಡ್ತಿ? ಬಡದಾಂವ ಅವ. ಕ್ಯಾಸೆಟ್ ಏನ ಮಾಡೀತು?” ಎಂದ.

“ಕ್ಯಾಸೆಟ್ ಬಡದಿಲ್ಲ, ಖರೆ,” ಎಂದಳು ಕಾವೇರಿ. “ಆದ್ರ ಅಲ್ಲಿ ಕುಂತವ್ರು ಏಳಲಿಲ್ಲ, ನಕ್ರು. ಎಲ್ಲಿ ನಗಬೇಕಂತ ಅವ್ರಿಗೆ ಮೊದಲ ಗೊತ್ತಿತ್ತು. ಅದನ್ನ ಕಲಿಸಿದವ್ರು ನಾವು.”

ಮುಂದಿನ ಕ್ಯಾಸೆಟ್ಟಿನ ರೆಕಾರ್ಡಿಂಗಿಗೆ ಅವಳು ಮುಧೋಳಕ್ಕೆ ಹೋದಳು. ಶಿವಾಜಿ ಬರೆದಿಟ್ಟ ಹಾಳೆಗಳನ್ನು ಕೂತು ಓದಿದಳು. ಗೌರವ್ವ ಮೊಬೈಲ್ ಫೋನ್ ಕೇಳುತ್ತಾಳೆ. ದುಂಡಪ್ಪ ಒಂದು ಹಾಕುತ್ತಾನೆ.

“ಅಣ್ಣಾರ, ಈ ಸಲ ಹೊಡ್ಯೂದು ಬ್ಯಾಡ,” ಎಂದಳು.

ಶಿವಾಜಿ ಗಾಬರಿಯಾದ. ಅವನು ಕೆಟ್ಟವನಲ್ಲ. ರೆಕಾರ್ಡಿಂಗ್ ಇರುವ ದಿನ ಕಾವೇರಿಯ ಗಂಟಲಿಗೆಂದು ಮನೆಯಿಂದ ಶುಂಠಿ ಕಷಾಯ ತರಿಸಿಡುತ್ತಿದ್ದ. “ಅಲ್ರೀ ಅಕ್ಕಾರ, ಜನಾ ಕಾಯೂದ ಅದಕ್ಕ! ಅದನ್ನ ತಗದ್ರ ಉಳಿಯೂದೇನು?”

“ಗೌರವ್ವ ಬಾಜೂ ಮನ್ಯಾಕಿ ಜೋಡಿ ಮಾತಾಡ್ಲಿ. ಅದರಾಗೂ ನಗೂ ಬರತೈತಿ.”

“ಇಬ್ಬರ ಹೆಂಗಸರ ಮಾತ ಯಾರ ಕೇಳ್ತಾರ್ರಿ? ಟೇಪ್ ಹಚ್ಚವರು ಗಂಡಸರು.”

“ನಾ ಕೈ ಬಡ್ಯಾಂಗಿಲ್ಲ,” ಎಂದಳು ಕಾವೇರಿ. ಯಾಕೆಂದು ಅವನು ಕೇಳಿದ. ರೇಷ್ಮಾಳ ವಿಷಯ ಹೇಳಿದಳು. ಶಿವಾಜಿ ತಲೆ ತಗ್ಗಿಸಿದ. ಅವನಿಗೆ ನಿಜವಾಗಿ ಕೆಟ್ಟೆನಿಸಿತು. ಆದರೂ ಹಾಳೆ ಬದಲಿಸಲಿಲ್ಲ. ಒಂದು ತಾಸು ಇಬ್ಬರೂ ಅದನ್ನೇ ಎಳೆದಾಡಿದರು. ಕೊನೆಗೆ ಅವನು ಸಾಬಣ್ಣನನ್ನು ಕರೆಸಲು ಆಳು ಕಳಿಸಿದ. ಕಾವೇರಿ ಎದ್ದು ಬಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅವಳಿಗೆ ಅಳು ಬಂತು. ಕಳೆದುಕೊಂಡದ್ದೇನು ಎಂಬುದು ಅವಳಿಗೆ ಗೊತ್ತಿತ್ತು. ಆ ಕೌದಿಯ ಕೋಣೆಯಲ್ಲಿ ಮೈಕಿನ ಮುಂದೆ ಕೂತಾಗ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಕೆಲಸ ಬಲ್ಲವಳು. ಅಂಥ ಜಾಗ ಅವಳಿಗೆ ಬೇರೆ ಇರಲಿಲ್ಲ.

ಜಮಖಂಡಿಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಗುರುತು ಕೇಳುತ್ತ ರಸಿಕಾಳ ಮನೆಗೆ ಹೋದಳು. ರಸಿಕಾಳ ತಾಯಿ ಇಂದಿರಾಬಾಯಿ ಒಗ್ಗರಣೆ ಅವಲಕ್ಕಿ ಕೊಟ್ಟು, ಇವಳ ಮುಖ ನೋಡಿ ಒಳಗೆ ಹೋದರು.

“ನೀವು ಹೇಳಿದ್ದು ಖರೆ ಐತ್ರಿ,” ಎಂದಳು ಕಾವೇರಿ. “ಆದ್ರ ಈಗ ನಾ ಬಿಟ್ಟು ಬಂದೇನಿ. ಮುಂದೇನಂತ ತಿಳೀವಲ್ದು. ನಗಸೂದ ಬಿಟ್ರ ನಂಗ ಬ್ಯಾರೆ ಏನೂ ಬರೂದಿಲ್ಲ.”

“ನಗಸೂದು ಬಿಡ್ರಿ ಅಂತ ನಾ ಎಲ್ಲಿ ಅಂದೆ?” ರಸಿಕಾ ಕುರ್ಚಿ ಎಳೆದುಕೊಂಡು ಎದುರು ಕೂತಳು. “ನಾ ಓದಿದ ಸ್ತ್ರೀವಾದದ ಪುಸ್ತಕದೊಳಗ ಎಲ್ಲೂ ನಗಬ್ಯಾಡ್ರಿ ಅಂತ ಬರದಿಲ್ಲ. ಯಾರ ಬಾಜೂಕ ನಿಂತು ನಗತೀವಿ, ಅದು ಪ್ರಶ್ನೆ. ಇಷ್ಟು ದಿವಸ ದುಂಡಪ್ಪನ ಬಾಜೂಕ ನಿಂತಿದ್ರಿ. ಈ ಕಡೆ ಬಂದು ನಿಂತು ನೋಡೂಣ. ನನ್ನ ಕಡೆ ಟೇಪ್‌ರೆಕಾರ್ಡರ್ ಅದ, ಒಂದು ಮೈಕ್ ಅದ. ನಿಮ್ಮ ಕಡೆ ದನಿ ಅದ.”

ಮರುದಿನದಿಂದ ಅವರಿಬ್ಬರೂ ಕಾವೇರಿಯ ಮನೆಯ ಪಡಸಾಲೆಯಲ್ಲಿ ಬರೆಯಲು ಕೂತರು. ಮೊದಲು ಬರೆದದ್ದರಲ್ಲಿ ಗೌರವ್ವ ಲಟ್ಟಣಿಗೆ ಹಿಡಿದು ದುಂಡಪ್ಪನಿಗೆ ನಾಲ್ಕು ಬಾರಿಸುತ್ತಾಳೆ, ದುಂಡಪ್ಪ ಅಯ್ಯಯ್ಯಪ್ಪಾ ಅನ್ನುತ್ತಾನೆ. ಓದುತ್ತ ಓದುತ್ತ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ರೇಷ್ಮಾ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ನಗಲಿಲ್ಲ.

“ಯಾಕ, ಛಲೋ ಆಗಿಲ್ಲೇನು?” ರಸಿಕಾ ಕೇಳಿದಳು.

“ಬಡಿಯೂ ಕೈ ಬದಲಾತ್ರಿ, ಅಷ್ಟ,” ಎಂದಳು ರೇಷ್ಮಾ. “ಇದನ್ನ ಕೇಳಿದ್ರೂ ನಂಗ ಆ ಸಪ್ಪಳಾನ ಕೇಳಸ್ತೈತಿ.”

ರಸಿಕಾ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು, ಕಾವೇರಿಯನ್ನು ನೋಡಿದಳು. ಕಾವೇರಿ ಹಾಳೆ ತೆಗೆದುಕೊಂಡು ಹೋಗಿ ಒಲೆಗೆ ಹಾಕಿ ಬಂದಳು. ಇನ್ನೂ ಎರಡು ಮೂರು ಬರೆದರು. ಒಂದು ಉಪದೇಶದಂತಾಯಿತು, ಇನ್ನೊಂದು ಬರಿಯ ಗೋಳಾಯಿತು. ಏನೇ ಬರೆದರೂ ದುಂಡಪ್ಪ ಕತೆಯ ಬಾಗಿಲಲ್ಲಿ ನಿಂತೇ ಇರುತ್ತಿದ್ದ, ಎಷ್ಟು ದೂಡಿದರೂ ಹೋಗುತ್ತಿರಲಿಲ್ಲ.

ದಾರಿ ತೋರಿದ್ದು ಮರೆವ್ವ. ಅವಳ ತವರೂರು ಬೀಳಗಿಯ ಕಡೆ, ಹೊಳೆಯ ದಂಡೆಯ ಮೇಲಿತ್ತು. ಆಲಮಟ್ಟಿಯ ಹಿನ್ನೀರು ಏರಿ ಊರು ಮುಳುಗಿತು. ಜನರಿಗೆ ದೂರದ ದಿಬ್ಬದ ಮೇಲೆ ಸಾಲುಸಾಲು ಪ್ಲಾಟು ಕೊಟ್ಟು ಹೊಸ ಊರು ಮಾಡಿದ್ದರು. ಅಲ್ಲಿ ಅಕ್ಕನ ಮನೆಗೆ ಹೋಗಿ ಬಂದ ಮರೆವ್ವ ಊಟಕ್ಕೆ ಕೂತಾಗ ಸುದ್ದಿ ಹೇಳುತ್ತಿದ್ದಳು.

“ನಮ್ಮಕ್ಕ ಬಾಳವ್ವಗ ಬಾಜೂ ಮನಿ ಸತ್ಯವ್ವಗ ಹಳೇ ಊರಾಗ ನಡುವ ಒಂದ ಗ್ವಾಡಿ. ಗ್ವಾಡಿ ಮ್ಯಾಲಿಂದ ಮಾತಾಡಿ ಮಾತಾಡೇ ಇಬ್ಬರೂ ಮುದುಕ್ಯಾರ ಆದ್ರು. ಹೊಸಾ ಊರಾಗ ಸರಕಾರದವ್ರು ಇಕಿಗಿ ಈ ತುದಿಗಿ ಪ್ಲಾಟ್ ಕೊಟ್ರು, ಆಕಿಗಿ ಆ ತುದಿಗಿ. ಈಗ ನಮ್ಮಕ್ಕ ದಿನಾ ಬಟ್ಟಲಾ ಹಿಡಕೊಂಡು ಊರೆಲ್ಲಾ ದಾಟಿ ಉಪ್ಪ ಕಡಾ ಕೇಳಾಕ ಹೋಗ್ತಾಳ. ದಾರ್‍ಯಾಗ ಮೂರ ಕಿರಾಣಿ ಅಂಗಡಿ ಅದಾವು!”

ಹೇಳುತ್ತ ಹೇಳುತ್ತ ಮರೆವ್ವ ಒಮ್ಮೆ ಬಾಳವ್ವನಾದಳು, ಒಮ್ಮೆ ಸತ್ಯವ್ವನಾದಳು. ಬಾಳವ್ವನದು ಗಡಸು ದನಿ, ಸತ್ಯವ್ವನದು ಮೂಗಿನಲ್ಲಿ ಬರುವ ದನಿ.

“ನಿಮ್ಮನ್ಯಾಗ ಉಪ್ಪ ಇಲ್ಲೇನಬೇ?”

“ಐತಿ. ಆದ್ರ ನಮ್ಮನಿ ಉಪ್ಪಿಗಿ ಮಾತ ಬರೂದಿಲ್ಲಬೇ.”

ಕಾವೇರಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ತುತ್ತನ್ನು ತಾಟಿಗಿಟ್ಟಳು. ಅತ್ತೆಯನ್ನು ಇಷ್ಟು ವರ್ಷದಲ್ಲಿ ಮೊದಲ ಸಲ ನೋಡುವಂತೆ ನೋಡಿದಳು. ತಾನು ಜನರ ದನಿ ಹಿಡಿಯುವುದನ್ನು ಕಲಿತದ್ದು ಎಲ್ಲಿಂದ ಎಂದು ಯಾರಾದರೂ ಕೇಳಿದ್ದರೆ ಶಾಲೆ ಎನ್ನುತ್ತಿದ್ದಳು. ಶಾಲೆಯಲ್ಲ, ಸೊಸೆಯಾಗಿ ಬಂದ ಮೇಲೆ ಈ ಅಡಿಗೆಮನೆಯಲ್ಲೇ ಅದು ಪಳಗಿದ್ದು.

“ಅತ್ತಿ,” ಎಂದಳು, “ನೀವು ಬಾಳವ್ವ ಆಗ್ರಿ. ನಾ ಸತ್ಯವ್ವ ಆಗ್ತೇನಿ.”

ರಸಿಕಾಳ ಮನೆಯ ಮಾಳಿಗೆಯ ಕೋಣೆಯಲ್ಲಿ ಒಂದು ಮಧ್ಯಾಹ್ನ ರೆಕಾರ್ಡಿಂಗ್ ಆಯಿತು. ಕಿಟಕಿಯ ಹೊರಗೆ ಕಾಗೆ, ಕೆಳಗೆ ಕುಕ್ಕರಿನ ಸೀಟಿ. ಮರೆವ್ವ ಮೊದಲು ಮೈಕಿನ ಕಡೆ ನೋಡಿ ಬಾಯಿ ಕಟ್ಟಿ ಕೂತಳು. ಕಾವೇರಿ ಮೈಕನ್ನು ಒಂದು ಕಡೆಗೆ ಸರಿಸಿ, ಅತ್ತೆಯ ಎದುರಿಗೆ ಮಂಡಿಗೆ ಮಂಡಿ ತಾಗಿಸಿ ಕೂತು, ಮೂಗಿನ ದನಿಯಲ್ಲಿ “ಬಾರಬೇ ಬಾಳವ್ವ, ಇವತ್ತ ಎಷ್ಟ ಬಟ್ಟಲಾ ತಂದಿ?” ಎಂದಳು. ಮರೆವ್ವನಿಗೆ ಅಷ್ಟು ಸಾಕಾಯಿತು.

ಮಾತು ಎಲ್ಲೆಲ್ಲಿಗೋ ಹೋಯಿತು. ನೀರು ಬಾರದ ಹೊಸ ನಳ, ಎರಡೂ ಮನೆಗೆ ಒಂದೇ ನಂಬರ್ ಹಾಕಿ ಹೋದ ಸಾಹೇಬ, ಮುಳುಗಿದ ಹುಣಸೆಮರದಲ್ಲಿ ಈಗ ಮೀನು ಜೋಕಾಲಿ ಆಡುತ್ತವೋ ಏನೋ ಎಂಬ ವಿಚಾರ. ಗಂಡಂದಿರ ಹೆಸರೂ ಬಂತು, ಸೊಸೆಯರ ಹೆಸರೂ ಬಂತು; ಯಾರೂ ಬಾಗಿಲಲ್ಲಿ ನಿಂತು ಗದರಿಸಲಿಲ್ಲ. ಕೊನೆಗೆ ಸತ್ಯವ್ವ ಕೇಳಿದಳು: “ಹೌದಬೇ, ನಿನ್ನ ಮಗ ನೀ ಇಲ್ಲಿ ತನಕಾ ಬರೂದ ಬ್ಯಾಡಂತ ಒಂದ ಚೀಲ ಉಪ್ಪ ತಂದ ಒಗದಾನಂತಲ್ಲ?”

“ತಂದಾನ,” ಎಂದಳು ಬಾಳವ್ವ.

“ಮತ್ಯಾಕ ಬಂದಿ?”

“ಮತ್ತ, ಇಷ್ಟ ದಿನಾ ಒಯ್ದಿದ್ದ ಹೊಳ್ಳಿ ಕೊಡೂದ ಬ್ಯಾಡೇನಬೇ? ಒಂದ ಬಟ್ಟಲಾ, ಒಂದ ಬಟ್ಟಲಾ ತಂದ ಕೊಡ್ತೇನಿ. ಚೀಲ ತೀರೂ ಮಟಾ ಬರ್ತೇನಿ!”

ಮೂಲೆಯಲ್ಲಿ ಕೂತಿದ್ದ ರೇಷ್ಮಾ ಆಗ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತವರಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ಯಾರೂ ಕೇಳಿರಲಿಲ್ಲ. ಮರೆವ್ವ ಮಾತು ಮರೆತು ಮಗಳನ್ನೇ ನೋಡುತ್ತ ಕೂತಳು.

“ನಗೂ ರೆಕಾರ್ಡ್ ಆತ್ರಿ. ಮತ್ತೊಮ್ಮಿ ಮಾಡೂಣೇನು?” ಎಂದು ಕಾವೇರಿ ಪಿಸುಗುಟ್ಟಿದಳು.

“ಮುಟ್ಟಬ್ಯಾಡ್ರಿ ಅದನ್ನ,” ಎಂದಳು ರಸಿಕಾ. “ಇರ್ಲಿ ಹಂಗೇ.”

ಕ್ಯಾಸೆಟ್ಟಿನ ಪ್ರತಿಗಳನ್ನು ತೆಗೆಯುವ ಯಂತ್ರ ಆ ಕಡೆಗೆಲ್ಲ ಇದ್ದದ್ದು ಶಿವಾಜಿಯ ಹತ್ತಿರ. ಸಂಕೋಚ ನುಂಗಿಕೊಂಡು ಕಾವೇರಿ ಅತ್ತೆಯನ್ನು ಕರೆದುಕೊಂಡು ಮುಧೋಳಕ್ಕೆ ಹೋದಳು. ಶಿವಾಜಿ ಕೈಕಟ್ಟಿಕೊಂಡು ಕೇಳಿದ. ನಳದ ಮಾತಿಗೆ ಮುಖ ಸಡಿಲಾಯಿತು. ಉಪ್ಪು ಮರಳಿ ಕೊಡುವ ಮಾತು ಬಂದಾಗ ಬಾಯಲ್ಲಿದ್ದ ಚಹಾ ಅಂಗಿಯ ಮೇಲೆ ಬಿತ್ತು.

“ಅಯ್ಯ, ಈ ಮುದುಕಿ ಯಾರ್ರಿ?” ಎಂದ ಒರೆಸಿಕೊಳ್ಳುತ್ತ.

“ನಾನೋ,” ಎಂದಳು ಮರೆವ್ವ. “ನೀ ಅತ್ತಿ ಪಾತ್ರಕ್ಕ ಸಾಬಣ್ಣನ್ನ ಹಿಡದಿಯಂತಲ್ಲ, ಆ ಅತ್ತಿ ನಾ.”

ಶಿವಾಜಿ ಪ್ರತಿ ತೆಗೆದುಕೊಟ್ಟ. ‘ಉಪ್ಪು ಐತೇನಬೇ?’ ಎಂದು ಹೆಸರಿಟ್ಟರು. ಮೊದಲ ತಿಂಗಳು ಅದು ಅಂಗಡಿಯ ಗಾಜಿನ ಹಿಂದೆ ಬಿಸಿಲು ಕಾಯಿಸಿಕೊಂಡು ಕೂತಿತ್ತು. ಟ್ರ್ಯಾಕ್ಸಿನವನೊಬ್ಬ ಹಚ್ಚಿದರೆ ಹಿಂದಿನಿಂದ ಯಾರೋ, “ಏ, ತಗೀಲೇ, ದುಂಡಪ್ಪನ್ನ ಹಚ್ಚು” ಎಂದರು. ಕಾವೇರಿ ಆ ಗಾಡಿಯಲ್ಲೇ ಇದ್ದಳು. ಕ್ಯಾಸೆಟ್ ಬದಲಾಗುವುದನ್ನು ನೋಡುತ್ತ ಕೂತಳು. ಆಗ ಹಿಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು, “ಏ ತಮ್ಮಾ, ಆ ಮುದುಕ್ಯಾರು ಮುಂದೇನಂದ್ರು? ಅದನ್ನ ಮುಗಸು ಮೊದಲ,” ಎಂದಳು. ಡ್ರೈವರ್ ಕೇಳಲಿಲ್ಲ. ಆದರೆ ಆ ಹೆಂಗಸು ಇಳಿಯುವ ಮುಂಚೆ ಕ್ಯಾಸೆಟ್ಟಿನ ಹೆಸರು ಕೇಳಿಕೊಂಡು ಇಳಿದಳು. ಅವಳು ಬನಹಟ್ಟಿಯವಳು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳು.

ಬನಹಟ್ಟಿಯಲ್ಲಿ ಕಂಡಿಕೆ ಸುತ್ತುವ ಹೆಂಗಸರು ಪಡಸಾಲೆಗಳಲ್ಲಿ ಗುಂಪಾಗಿ ಕೂತು ಕೆಲಸ ಮಾಡುತ್ತಾರೆ. ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವುಂಟು. ಒಂದು ಪಡಸಾಲೆಯಿಂದ ಇನ್ನೊಂದಕ್ಕೆ ಆ ಕ್ಯಾಸೆಟ್ ಹೋಯಿತು. ಅಲ್ಲಿಂದ ಹಿಟ್ಟಿನ ಗಿರಣಿಗೆ, ಗಿರಣಿಯಿಂದ ರಬಕವಿಗೆ. ಬೇಸಿಗೆ ಮುಗಿಯುವುದರೊಳಗೆ ಶಿವಾಜಿ ಎರಡು ಸಲ ಮತ್ತೆ ಪ್ರತಿ ತೆಗೆಯಬೇಕಾಯಿತು. ಗಂಡಸರೂ ಕೇಳಿದರು. ಅವರೂ ನಕ್ಕರು, ಬಾಳವ್ವನಂಥ ತಾಯಿ ಎಲ್ಲರ ಮನೆಯಲ್ಲೂ ಇದ್ದಳು. ಮಾತಾಡಲು ಗೆಳತಿಯನ್ನು ಕರೆಯಬೇಕಾದರೆ ಹೆಂಗಸರು ಕಾಂಪೌಂಡಿನ ಆಚೆಯಿಂದ “ಉಪ್ಪ ಐತೇನಬೇ?” ಎಂದು ಕೂಗುವುದು ಎರಡು ಮೂರು ಊರಲ್ಲಿ ರೂಢಿಯಾಯಿತು.

ಹಾಗೆಂದು ದುಂಡಪ್ಪ ಸಾಯಲಿಲ್ಲ. ಸಾಬಣ್ಣನ ದನಿಯಲ್ಲಿ ಗೌರವ್ವ ಇನ್ನೂ ಒಂದು ವರ್ಷ ಏಟು ತಿಂದಳು. ಆಮೇಲಾಮೇಲೆ ಜನ ಕೇಳುವುದು ಕಡಿಮೆಯಾಯಿತು.

ಈ ನಡುವೆ ಹುಲೆಪ್ಪ ಒಬ್ಬ ಹಿರಿಯರನ್ನು ಕರೆದುಕೊಂಡು ಜಮಖಂಡಿಗೆ ಬಂದ. ಮಾತು ಆಡುವುದಿದ್ದರೆ ರೇಷ್ಮಾಳ ಜೊತೆ ಆಡಬೇಕೆಂದು ಮರೆವ್ವ ಖಂಡಿತವಾಗಿ ಹೇಳಿದಳು. ಹುಲೆಪ್ಪ ನೆಲ ನೋಡುತ್ತ, “ಚೇಷ್ಟಿಗಿ ಮಾಡಿದ್ನಿ. ಎಲ್ಲಾರೂ ನಕ್ರು,” ಎಂದ.

“ಎಲ್ಲಾರೂ ಅಂದ್ರ ಯಾರು?” ರೇಷ್ಮಾ ಕೇಳಿದಳು. “ನಾ ನಕ್ಕಿದ್ನೇನು?”

ಹುಲೆಪ್ಪ ಎದ್ದು ಅಂಗಳಕ್ಕೆ ಇಳಿದ. ಹಿರಿಯರು ಅವನ ಹಿಂದೆ ಹೊರಟರು.

ರೇಷ್ಮಾ ಅವತ್ತು ಅವನ ಜೊತೆ ಹೋಗಲಿಲ್ಲ. ಮದುವೆಗೆ ಮುಂಚೆ ಶಿಕ್ಷಕಿಯ ತರಬೇತಿ ಮುಗಿಸಿ ಸುಮ್ಮನೆ ಕೂತಿದ್ದಳು. ಈಗ ಅರ್ಜಿ ಹಾಕಿದಳು. ಬೀಳಗಿ ತಾಲೂಕಿನ ಒಂದು ಪುನರ್ವಸತಿ ಊರಿನ ಶಾಲೆಯಲ್ಲಿ ನೌಕರಿ ಸಿಕ್ಕಿತು. ಅಲ್ಲೇ ಮನೆ ಹಿಡಿದಳು. ಹುಲೆಪ್ಪ ಮೊದಲು ಸಿಟ್ಟಾದ, ಆಮೇಲೆ ಪತ್ತೆಯಿಲ್ಲದಾದ, ಒಂದು ವರ್ಷದ ಮೇಲೆ ಕಾರ್ಖಾನೆಯ ರಜೆಯಲ್ಲಿ ಬಸ್ಸು ಹತ್ತಿ ಅವಳ ಮನೆಗೆ ಬಂದ. ಅಂದು ಚಹಾ ಅವನೇ ಮಾಡಿದನಂತೆ, ಸಕ್ಕರೆ ಮರೆತನಂತೆ. ರೇಷ್ಮಾ ಇದನ್ನು ಕಾವೇರಿಗೆ ಫೋನಿನಲ್ಲಿ ಹೇಳಿದಳು, ಮುಂದೇನು ಎಂದು ಕೇಳಿದರೆ, “ನೋಡೂಣು ವೈನಿ. ಅವಸರಾ ಇಲ್ಲ ನಂಗ,” ಎಂದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ಕಾವೇರಿಗೆ ಅದು ಸಾಕೆನಿಸಿತು.

ಕ್ಯಾಸೆಟ್ಟಿನ ಕಾಲ ಹೋಗಿ ಸಿ.ಡಿ.ಗಳ ಕಾಲ ಬಂತು. ಶಿವಾಜಿ ಜಮಖಂಡಿಯವರೆಗೆ ಬಂದು, ಬಾಳವ್ವ-ಸತ್ಯವ್ವರನ್ನು ವಿಡಿಯೋ ಮಾಡೋಣವೆಂದ. ಮಾತು ಬರೆಯುವವರು ತಾನು ಮತ್ತು ರಸಿಕಾ, ಹೆಸರೂ ತಮ್ಮದೇ ಹಾಕಬೇಕು ಎಂದಳು ಕಾವೇರಿ. ಅವನು ಒಪ್ಪಿದ. ರಸಿಕಾಳ ಪ್ರಬಂಧ ಆಗ ಮುಗಿದಿತ್ತು. ಕೊನೆಯ ಅಧ್ಯಾಯ ಉಪ್ಪಿನ ಬಟ್ಟಲಿನದು.

ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ, ಹೊಳೆಯ ದಂಡೆಯಲ್ಲಿ ಚಿತ್ರೀಕರಣ. ಮುಂಜಾನೆಯ ಬಿಸಿಲು ಚೆನ್ನಾಗಿತ್ತು. ಮದುವೆ ವಿಡಿಯೋ ತೆಗೆಯುವ ಅಣ್ಣಾಸಾಹೇಬ ಕ್ಯಾಮೆರಾ ಹಿಡಿದು ಬಂದಿದ್ದ. “ನನ್ನ ಮಾರಿ ಯಾಕ ಬೇಕ ಜನಕ್ಕ?” ಎಂದು ವಾರವಿಡೀ ಬೈದಿದ್ದ ಮರೆವ್ವ ಪೆಟ್ಟಿಗೆಯ ತಳದಿಂದ ತೆಗೆದ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲೇ ತಯಾರಾಗಿ ಕೂತಿದ್ದಳು.

ಅಣ್ಣಾಸಾಹೇಬ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ. ಮುಖ ಕ್ಯಾಮೆರಾದ ಕಡೆ ಇರಲಿ, ಸೆರಗು ಸ್ವಲ್ಪ ಸರಿ ಮಾಡಿಕೊಳ್ಳಿ, ನಗುತ್ತ ಮಾತಾಡಿ ಎಂದ. ಹತ್ತಿರದಿಂದ ಮುಖ ಹಿಡಿಯಬೇಕೆಂದು ಮುಂದೆ ಮುಂದೆ ಬಂದು, ಕಡೆಗೆ ಅವರಿಬ್ಬರ ನಡುವೆ ಮೊಣಕಾಲೂರಿ ಕೂತ.

ಮರೆವ್ವ ಒಂದು ಮಾತು ಆಡಿ ನಿಲ್ಲಿಸಿದಳು. “ತಮ್ಮಾ, ನೀ ನಡುವ ಕುಂತ್ರ ನಾ ಆಕಿನ್ನ ನೋಡೂದು ಹೆಂಗ?”

“ನನ್ನ ಕಡೆ ನೋಡ್ರಿ ಅಜ್ಜಿ. ಕ್ಯಾಮೆರಾದಾಗ ಚಂದ ಬರತೈತಿ.”

“ನಿನ್ನ ನೋಡಿ ನಾ ಏನ ಮಾತಾಡ್ಲಿ? ನಾ ಮಾತಾಡಾಕ ಬಂದಿದ್ದು ಆಕಿ ಜೋಡಿ. ಸರಿ ಅತ್ಲಾಗ. ಬಾಜೂಕ ಕುಂತು ಎಷ್ಟ ಕಾಣಸ್ತೈತೋ ಅಷ್ಟ ತಗಿ.”

ಅಣ್ಣಾಸಾಹೇಬ ಶಿವಾಜಿಯ ಮುಖ ನೋಡಿದ. ಶಿವಾಜಿ ರಸಿಕಾಳ ಮುಖ ನೋಡಿದ. ರಸಿಕಾ ಕೈಯಿಂದ ಪಕ್ಕದ ಬಂಡೆ ತೋರಿಸಿದಳು. ಅಣ್ಣಾಸಾಹೇಬ ಕ್ಯಾಮೆರಾ ಎತ್ತಿಕೊಂಡು ಬಂಡೆಯ ಮೇಲೆ ಹೋಗಿ ಕೂತ.

ಮರೆವ್ವ ಸೊಸೆಯ ಕಡೆ ಪೂರ್ತಿ ತಿರುಗಿದಳು. “ಹಾಂ, ಈಗ ಹೇಳಬೇ,” ಎಂದಳು. “ಏನ ಸುದ್ದಿ?”